ಕೋಡ್ ಬಂತು ಅಂದ್ರೆ ಕಾರಣ ಸಿಕ್ತು ಅಂತಲ್ಲ

ನಮ್ಮೂರು ಬೆಳಂಬಾರ. ಅಂಕೋಲೆ ಹತ್ತಿರ, ಸಮುದ್ರದ ಬದಿ. ಊರಿನ ಹೆಸರು ಹೇಳಿದ್ರೆ ಗೊತ್ತಿದ್ದವರು ಮೊದಲು ಕೇಳೋದು ಪಾರ್ಶ್ವವಾಯು ಔಷಧದ ಬಗ್ಗೆ. ನಾನು ಹೇಳಹೊರಟಿದ್ದು ಇನ್ನೊಂದು ರೋಗಿಯ ಕತೆ: ನಮ್ಮ ಮಾವನ ಹಳೇ ಟಿಪ್ಪರ್.

ಸೆಕೆಂಡ್ ಹ್ಯಾಂಡ್ ಗಾಡಿ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ನಮ್ಮ ಕಡೆ ಅಪರೂಪ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಚಾಳಿ ಹಿಡೀತು. ಅರಬೈಲ್ ಘಟ್ಟ ಹತ್ತುವಾಗ ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ಸಿಕ್ಕಿಹಾಕಿಕೊಳ್ಳೋದು. ಆಫ್ ಮಾಡಿ ಆನ್ ಮಾಡಿದ್ರೆ ಸರಿ; ಸ್ವಲ್ಪ ದೂರ ಹೋದ್ರೆ ಮತ್ತೆ ಅದೇ. ಪೇಟೆಯ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ರು. ಸೊಲೆನಾಯ್ಡ್ ಕೋಡ್ ಬಂತು, ಸೊಲೆನಾಯ್ಡ್ ಬದಲಿಸಿದ್ರು. ವಾರದೊಳಗೆ ಮತ್ತದೇ ಕೋಡ್. 'ಹಾಗಾದ್ರೆ ಗೇರ್‌ಬಾಕ್ಸೇ ಇಳಿಸ್ಬೇಕು' ಅಂದ್ರು. ಖರ್ಚು ಲಕ್ಷದ ಮೇಲೆ. ಮಾವನ ಲೋನಿನ ಎರಡು ಕಂತು ಆಗಲೇ ಬಾಕಿ.

ಕೊನೆಗೆ ನೋಡಿದ್ದು ನಮ್ಮ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ಗಾಡಿ ಬಿಸಿ ಮಾಡಿ, ಎಂಜಿನ್ ಐಡಲ್‌ನಲ್ಲೇ ಇಟ್ಟು ಡಿಪ್‌ಸ್ಟಿಕ್ ಎಳೆದ್ರು. ಆಯಿಲ್ ಮಟ್ಟ ಸರಿ, ಬಣ್ಣ ಕೆಂಪು. ಒಳಗಿನ ಕ್ಲಚ್ ಪ್ಲೇಟ್ ಸುಟ್ಟಿದ್ರೆ ಆಯಿಲ್ ಕಪ್ಪಾಗಿ ಸೀದ ವಾಸನೆ ಬರ್ತಿತ್ತು, ಬರಲಿಲ್ಲ. ಆಮೇಲೆ ಪ್ರೆಶರ್ ಗೇಜ್ ಹಾಕಿದ್ರು. ಅದೂ ಸರಿ. 'ಹೊಟ್ಟೆ ಸರಿ ಉಂಟು ತಮಾ, ಈಗ ನರ ನೋಡುವಾ' ಅಂದ್ರು.

ನರ ಅಂದ್ರೆ ವೈರಿಂಗ್. ಎಂಜಿನ್ ಚಾಲೂ ಇಟ್ಟು, ಬ್ಯಾಟರಿಯ ನೆಗೆಟಿವ್‌ನಿಂದ ಗೇರ್‌ಬಾಕ್ಸ್ ಕಂಟ್ರೋಲರಿನ ಅರ್ತ್‌ಗೆ ಮಲ್ಟಿಮೀಟರ್ ಹಿಡಿದ್ರು. 0.2 ವೋಲ್ಟ್ ಒಳಗಿರಬೇಕಾದ್ದು 2 ವೋಲ್ಟ್ ದಾಟಿತ್ತು. ಚಾಸಿಸ್‌ನ ಅರ್ತ್ ಬೋಲ್ಟಿಗೆ ಉಪ್ಪುಗಾಳಿಯ ತುಕ್ಕು. ಕೆರೆದು, ಬಿಗಿ ಮಾಡಿ, ಗ್ರೀಸ್ ಹಚ್ಚಿದ್ರು. ಗಾಡಿ ಅಲ್ಲಿಂದ ಈಚೆ ಒಮ್ಮೆಯೂ ಕೈಕೊಟ್ಟಿಲ್ಲ.

ಗ್ಯಾರೇಜಿನವರದ್ದು ಮೋಸ ಅಂತ ನಾನು ಹೇಳೋದಿಲ್ಲ. ಸ್ಕ್ಯಾನರ್ ಸುಳ್ಳೂ ಹೇಳಿರಲಿಲ್ಲ. ಕೋಡ್ ಹೇಳೋದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ. ಯಾವ ಪಾರ್ಟ್ ಕೆಟ್ಟಿದೆ ಅಂತಲ್ಲ. ಆ ಸರ್ಕ್ಯೂಟಿನಲ್ಲಿ ಕಾಯಿಲ್, ವೈರ್, ಕನೆಕ್ಟರ್, ಅರ್ತ್ ಎಲ್ಲಾ ಇವೆ. ಅರ್ತ್‌ನಲ್ಲೇ ವೋಲ್ಟೇಜ್ ಸೋರಿದ್ರೆ ಸೊಲೆನಾಯ್ಡಿಗೆ ಬೇಕಾದ ಕರೆಂಟ್ ಸಿಗೋದಿಲ್ಲ. ಕಂಟ್ರೋಲರ್ ಹೆದರಿ ಗೇರ್‌ಬಾಕ್ಸ್ ಉಳಿಸೋಕೆ ಒಂದೇ ಗೇರಿಗೆ ಕಟ್ಟಿಹಾಕುತ್ತೆ.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಓಮ್ಸ್ ಲಾ ನನಗೆ ಪಿಯುಸಿಯಿಂದ ಗೊತ್ತು. ಪ್ಲಾನೆಟರಿ ಗೇರಿನ ಲೆಕ್ಕ ಬಿಡಿಸಿ ಮಾರ್ಕ್ಸೂ ತಗೊಂಡಿದ್ದೇನೆ. ಆದ್ರೂ 'ಮಾವ, ಗೇರ್‌ಬಾಕ್ಸ್ ಇಳಿಸೋದೇ ಒಳ್ಳೇದು' ಅಂದವನು ನಾನೇ. ನಮ್ಮ ಲ್ಯಾಬ್‌ನಲ್ಲಿ ಎಲ್ಲಾ ಮಷೀನೂ ಸರಿಯಿರುತ್ತೆ, ಉತ್ತರ ಮೊದಲೇ ರೆಕಾರ್ಡ್ ಪುಸ್ತಕದಲ್ಲಿರುತ್ತೆ. ಕೆಟ್ಟದ್ದನ್ನು ಎಲ್ಲಿಂದ ನೋಡಲು ಶುರು ಮಾಡ್ಬೇಕು ಅಂತ ಯಾರೂ ಕೇಳೋದಿಲ್ಲ.

ಅದಕ್ಕೇ ನನ್ನ ಬೇಡಿಕೆ ಇಷ್ಟೇ: ಸೆಮಿಸ್ಟರಿಗೆ ಒಂದು ಲ್ಯಾಬ್‌ನಲ್ಲಾದ್ರೂ ಬೇಕಂತಲೇ ಕೆಡಿಸಿದ ಮಷೀನ್ ಕೊಡಿ. ರಿಪೇರಿ ಆಗದಿದ್ರೂ ಪರವಾಗಿಲ್ಲ. ಯಾವುದನ್ನು ಮೊದಲು ನೋಡಿದೆ, ಯಾಕೆ, ಅದರಿಂದ ಏನನ್ನು ಪಟ್ಟಿಯಿಂದ ತೆಗೆದುಹಾಕಿದೆ ಅನ್ನೋದಕ್ಕೆ ಮಾರ್ಕ್ಸ್ ಕೊಡಿ. ನಾವು ತಪ್ಪು ಊಹೆ ಮಾಡಿದ್ರೆ ಹೋಗೋದು ನಮ್ಮ ದುಡ್ಡಲ್ಲ, ಕಂತು ಕಟ್ಟಲಾಗದೆ ಕೂತವರದ್ದು.