ನಿಯಮ ನಿಮ್ದು, ಸುಡೋ ಚರ್ಮ ಮಾತ್ರ ನಮ್ದಾ?



ನಮ್ ಕೊಪ್ಪ, ಮದ್ದೂರು ಕಡೆ ಹಚ್ಚೆ ಹೊಸ ಫ್ಯಾಷನ್ ಅಲ್ಲ. ನಮ್ಮ ಅಜ್ಜಿಯರ ಮುಂಗೈ ನೋಡಿ. ಕೊರಮ-ಕೊರಚ ಹೆಣ್ಮಕ್ಕಳು ಕೇರಿಗೆ ಬಂದು ಸೂಜೀಲಿ ಚುಚ್ಚಿ ಹುಯ್ದ ಹಚ್ಚೆ ಅದು. ಸತ್ತಾಗ ಒಡವೆ ಬರಲ್ಲ, ಹಚ್ಚೆ ಬರುತ್ತೆ ಅನ್ನೋರು. ಒಡವೆ ಇಲ್ಲದವರ ಮಾತು ಅದು. ಈಗ ಮೊಮ್ಮಕ್ಕಳು ಅದೇ ಮುಂಗೈ ಮೇಲೆ ಬಾಬಾಸಾಹೇಬರ ಹೆಸರು ಬರೆಸ್ಕೊಂಡವ್ರೆ. ಇದ್ರಲ್ಲಿ ನಾಚ್ಕೊಳ್ಳೋದು ಏನಿದೆ?

ನಾಚಿಕೆ ಹುಟ್ಸೋದು ಮೆಡಿಕಲ್ ಟೆಸ್ಟಿನ ರೂಮು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳ ನೇಮಕಾತಿ ನಿಯಮ ಓದಿ. ಧಾರ್ಮಿಕ ಚಿಹ್ನೆ, ಹೆಸರು ಇರಬಹುದು. ಮುಂಗೈಯಲ್ಲಿ ಆದ್ರೆ ಎಡಗೈ ಒಳಭಾಗದಲ್ಲಿ ಮಾತ್ರ. ಯಾಕಂದ್ರೆ ಸೆಲ್ಯೂಟ್ ಹೊಡೆಯೋದು ಬಲಗೈ! ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಬುಡಕಟ್ಟು ಜನರ ಸಾಂಪ್ರದಾಯಿಕ ಹಚ್ಚೆಗೆ ಸೇನೆ ವಿನಾಯಿತಿ ಕೊಟ್ಟಿದೆ, ಒಳ್ಳೇದು. ಅಂದ್ರೆ ಮನಸ್ಸು ಮಾಡಿದ್ರೆ ನಿಯಮ ಬಗ್ಗುತ್ತೆ ಅಂತಾಯ್ತಲ್ಲ?

ನಿಯಮ ಎಲ್ಲರಿಗೂ ಒಂದೇ ಅಂತೀರಾ? ಇರಬಹುದು. ಖರ್ಚು ಒಂದೇನಾ? ಜಮೀನಿರೋರ ಮಗ ಬೆಂಗಳೂರಿನ ಕ್ಲಿನಿಕ್ಕಿಗೆ ಹೋಗ್ತಾನೆ. ಕಬ್ಬು ಕಡಿಯೋರ ಮಗ ಎಲ್ಲಿಗೆ ಹೋಗ್ಬೇಕು? ಲೇಸರ್ ಒಂದು ಸಲಕ್ಕೆ ಮುಗಿಯಲ್ಲ. ಆರು ಸಲ, ಮಧ್ಯೆ ಆರಾರು ವಾರ ಬಿಡುವು ಅಂತ ಇಟ್ಕೊಂಡ್ರೂ ಏಳು ತಿಂಗಳು. ಅಷ್ಟರಲ್ಲಿ ನೇಮಕಾತಿ ಮುಗ್ದು ಬೇರೆಯವರು ಟ್ರೈನಿಂಗಿಗೆ ಹೋಗಿರ್ತಾರೆ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಲೇಸರ್ ಅಂದ್ರೆ ಬೆಳಕು. ಶಾಯಿಯ ಬಣ್ಣ ಆ ಬೆಳಕನ್ನ ಹೀರಿ ಒಡೆಯುತ್ತೆ. ಆದ್ರೆ ನಮ್ ಚರ್ಮದ ಕಪ್ಪು, ಅಂದ್ರೆ ಮೆಲನಿನ್, ಅದೂ ಬೆಳಕು ಹೀರುತ್ತೆ. 1064 ನ್ಯಾನೋಮೀಟರ್ ಲೇಸರ್ ಕಪ್ಪು ಚರ್ಮಕ್ಕೆ ಕಡಿಮೆ ಅಪಾಯದ್ದು, ಆದ್ರೂ ಗೊತ್ತಿಲ್ಲದವರ ಕೈಲಿ ಹಚ್ಚೆ ಹೋಗಿ ಬಿಳಿ ಮಚ್ಚೆ ಉಳಿಯುತ್ತೆ.

ಈಗ ಹೊಸದಾಗಿ ಅಲ್ಟ್ರಾಸೌಂಡ್ ಮಾತು ಬಂದಿದೆ. ಬಸುರಿಯರಿಗೆ ಸ್ಕ್ಯಾನ್ ಮಾಡ್ತಾರಲ್ಲ, ಅದೇ ಜಾತಿಯ ಶಬ್ದದ ಅಲೆ. ಭೂತಗನ್ನಡಿ ಬಿಸಿಲನ್ನ ಒಂದು ಚುಕ್ಕೆಗೆ ತರೋ ಹಾಗೆ, ಅಲೆಯನ್ನ ಚರ್ಮದೊಳಗೆ ಒಂದೇ ಕಡೆ ಕೂಡಿಸಿ ಆ ಜಾಗ ಸುಡ್ತಾರೆ. ಸುಟ್ಟ ಚರ್ಮ ಹಕ್ಕಳೆ ಕಟ್ಟಿ ಶಾಯಿ ಸಮೇತ ಉದುರುತ್ತೆ. ಡೆನ್ಮಾರ್ಕಿನ ಸಂಶೋಧಕರು 2020ರಲ್ಲಿ ಇದರ ಬಗ್ಗೆ ಒಂದು ಆರಂಭಿಕ ಅಧ್ಯಯನ ಪ್ರಕಟಿಸಿದ್ರು. 20 ಮೆಗಾಹರ್ಟ್ಸ್ ಯಂತ್ರ, ಒಂದರಿಂದ ಮೂರು ಸಲಕ್ಕೆ ಸಾಕು, ಶಾಯಿ ಯಾವ ಬಣ್ಣದ್ದಾದ್ರೂ ಸರಿ ಅಂದ್ರು. ಕೇಳೋಕೆ ಚೆನ್ನಾಗಿದೆ. ಶಬ್ದಕ್ಕೆ ಬಣ್ಣ ಕಾಣಲ್ಲ, ನಿಜ. ಆದ್ರೆ ಸುಟ್ಟ ಗಾಯ ಮಾಯೋವಾಗ ಚರ್ಮದ ಬಣ್ಣ ಲೆಕ್ಕಕ್ಕೆ ಬರುತ್ತೆ. ಉಬ್ಬಿ ಬೆಳೆಯೋ ಕೀಲಾಯ್ಡ್ ಗಾಯದ ಗುರುತು ಕಪ್ಪು ಚರ್ಮದಲ್ಲೇ ಜಾಸ್ತಿ. ನಮ್ಮಂಥ ಚರ್ಮದ ಮೇಲೆ ಸರಿಯಾಗಿ ಪರೀಕ್ಷೆ ಆಗೋವರೆಗೂ ಅದನ್ನ ಪರಿಹಾರ ಅಂತ ನಂಬಬೇಡಿ. ಪಾರ್ಲರ್‌ಗಳಲ್ಲಿ 'ಹೈಫು' ಅಂತ ಬೋರ್ಡ್ ಹಾಕೋದು ಮುಖ ಬಿಗಿ ಮಾಡೋ ಯಂತ್ರಕ್ಕೆ. ಅದಕ್ಕೆ ಕೈ ಕೊಟ್ಟು ಸುಟ್ಕೋಬೇಡಿ ಕಣ್ರಪ್ಪ.

ವಿಜ್ಞಾನದ ಮೇಲೆ ನಮಗೆ ಸಿಟ್ಟಿಲ್ಲ. ವಿಜ್ಞಾನ ಬರಲಿ, ಆದ್ರೆ ಅಗ್ಗದ ಪ್ರಯೋಗಕ್ಕೆ ನಮ್ ಮಕ್ಕಳ ಮೈ ಸಿಗಲ್ಲ. ಸಿಟ್ಟು ಇರೋದು ನಿಯಮ ಬರೆದು ಬಿಲ್ಲು ಬಡವನ ಕೈಗೆ ಕೊಡೋ ಸರ್ಕಾರದ ಮೇಲೆ.

ನಾವು ಕೇಳ್ತಿರೋದು ಇಷ್ಟೇ:

ಒಂದು, ಬಲಗೈಯೋ ಎಡಗೈಯೋ ಅನ್ನೋ ಕಾರಣಕ್ಕೆ ಓಡಿ, ಓದಿ ಪಾಸಾದವರನ್ನ ಮನೆಗೆ ಕಳಿಸೋದು ನಿಲ್ಲಲಿ.

ಎರಡು, ತೆಗೀಲೇಬೇಕು ಅಂದ್ರೆ ಮಂಡ್ಯದ ಮಿಮ್ಸ್‌ನಲ್ಲಿ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ತಜ್ಞರ ಕೈಲಿ ಪುಕ್ಕಟೆ ತೆಗೀರಿ. ವಾಸಿ ಆಗೋವರೆಗೂ ಆ ಸೀಟು ಕಾಯ್ದಿಡಿ.

ಮೂರು, ಫಾರಂ ತುಂಬೋ ದಿನವೇ ಹಚ್ಚೆ ನಿಯಮ ಕನ್ನಡದಲ್ಲಿ ದೊಡ್ಡದಾಗಿ ಬರೀರಿ.

ತಮ್ಮಂದಿರೇ, ನೇಮಕಾತಿಗೆ ಹೋಗೋರು ಹಚ್ಚೆ ಹುಯ್ಸೋ ಮುಂಚೆ ನಿಯಮ ಓದಿ. ಈಗಾಗ್ಲೇ ಹುಯ್ಸಿದ್ದೀರಾ? ಆ್ಯಸಿಡ್, ಸುಣ್ಣ ಹಚ್ಚಿ ಕೆರ್ಕೋಬೇಡಿ. ಆಸ್ಪತ್ರೆ ಬಾಗಿಲಿಗೆ, ಡಿಸಿ ಆಫೀಸಿಗೆ ಒಟ್ಟಿಗೆ ಹೋಗೋಣ.

ಜೈ ಭೀಮ್.