ಚಪ್ಪಲಿ ಸ್ಟ್ಯಾಂಡಿನ ಟೋಕನ್

ಅಪ್ಪ ಊರಿನಿಂದ ಬಂದು ಎರಡು ತಿಂಗಳು ನಮ್ಮ ಜೊತೆ ಗಾಜುವಾಕದಲ್ಲಿದ್ದರು. ಮೊದಲ ವಾರವೇ ಬೀದಿಯ ತೆಲುಗು ಬೋರ್ಡುಗಳನ್ನು ಓದತೊಡಗಿದರು. ಲಿಪಿಗಳು ದಾಯಾದಿಗಳಲ್ಲವೇ! ಆ ಧೈರ್ಯದಲ್ಲೇ ಒಂದು ದಿನ, ಬ್ಯಾಂಕಿಗೆ ಆಧಾರ್ ಪ್ರತಿ ಬೇಕೆಂದು, ನಾನು ಆಫೀಸಿನಲ್ಲಿದ್ದಾಗ ಒಬ್ಬರೇ ನೆಟ್ ಸೆಂಟರಿಗೆ ಹೋದರು. ಇ-ಆಧಾರ್ ಇಳಿಸಿ, ಪ್ರಿಂಟ್ ತೆಗೆಸಿ, ನನಗೂ ಒಂದು ಪ್ರತಿ ಮೇಲ್ ಮಾಡಿದರು.

"ಮೇಲ್ ಲಾಗೌಟ್ ಮಾಡಿದ್ರಾ ಅಪ್ಪ?" ಎಂದು ಸಂಜೆ ಕೇಳಿದೆ.

"ಮೇಲ್ಗಡೆ ಇಂಟು ಗುರುತು ಒತ್ತಿ ಮುಚ್ಚಿ ಬಂದೆನಲ್ಲೋ."

ಬೈಕ್ ಹತ್ತಿದೆ. ಬ್ರೌಸರ್ ತೆರೆದರೆ ಅಪ್ಪನ ಅಂಚೆಪೆಟ್ಟಿಗೆ ಹಾಗೇ ಬಾಯಿ ತೆರೆದುಕೊಂಡು ಕೂತಿತ್ತು, ಬ್ಯಾಂಕಿನ ಪತ್ರಗಳ ಸಮೇತ.

ಕುಕಿ ಎಂದರೆ ಏನೆಂದು ಅಪ್ಪನಿಗೆ ಹೇಳಿದ್ದು ಸಿಂಹಾಚಲದ ಚಪ್ಪಲಿ ಸ್ಟ್ಯಾಂಡಿನ ಲೆಕ್ಕದಲ್ಲಿ. ಟೋಕನ್ ಮೇಲೆ ನಿಮ್ಮ ಹೆಸರಿಲ್ಲ, ಬರೀ ನಂಬರ್. ಆದರೆ ಅದನ್ನು ತೋರಿಸಿದವರಿಗೆ ನಿಮ್ಮ ಚಪ್ಪಲಿ ಸಿಗುತ್ತದೆ. ವೆಬ್‌ಗೆ ಮೂಲತಃ ನೆನಪಿನ ಶಕ್ತಿ ಇಲ್ಲ, ಪ್ರತಿ ಕ್ಲಿಕ್ಕಿಗೂ ನೀವು ಹೊಸಬರೇ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೆ ಉಪಾಯವಾಗಿ ಕುಕಿ ತಂದರು. ಕಿಟಕಿ ಮುಚ್ಚಿದರೆ ಟೋಕನ್ ಹೋಗುವುದಿಲ್ಲ, ಕಂಪ್ಯೂಟರಿನ ಜೇಬಿನಲ್ಲೇ ಇರುತ್ತದೆ. ಕ್ಯಾಶ್ ಬೇರೆ. ಅದು ಪುಟ ಬೇಗ ತೆರೆಯಲೆಂದು ಚಿತ್ರ, ಕಡತಗಳನ್ನು ಎತ್ತಿಟ್ಟುಕೊಳ್ಳುವ ಅಟ್ಟ. ಅಟ್ಟಕ್ಕಿಂತ ಟೋಕನ್ ಅಪಾಯಕಾರಿ.

ಬೇರೆಯವರ ಕಂಪ್ಯೂಟರಿನಲ್ಲಿ ಅಳಿಸುವ ಕ್ರಮವೂ ಮುಖ್ಯ. ಮೊದಲು ಲಾಗೌಟ್. ಕ್ರೋಮ್ ಬ್ರೌಸರಿಗೇ ಸೈನ್ ಇನ್ ಆಗಿದ್ದರೆ, ಎಲ್ಲ ಕುಕಿ ಅಳಿಸಿದರೂ ಗೂಗಲ್ ಖಾತೆಯಿಂದ ಮಾತ್ರ ಹೊರಗೆ ಬಂದಿರುವುದಿಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, ಅವಧಿಯನ್ನು 'ಆಲ್ ಟೈಮ್' ಮಾಡಿ, ಕುಕಿ ಮತ್ತು ಕ್ಯಾಶ್ ಎರಡಕ್ಕೂ ಗುರುತು ಹಾಕಿ ಅಳಿಸಿ. ಹಲವರು ಇಲ್ಲಿ ಕೊನೆಯ ಒಂದು ಗಂಟೆಯದನ್ನಷ್ಟೇ ಅಳಿಸಿ ಎದ್ದು ಬರುತ್ತಾರೆ. ಇನ್‌ಕಾಗ್ನಿಟೋ ಕಿಟಕಿಯಲ್ಲೇ ಕೆಲಸ ಮಾಡಿದ್ದರೆ ಎಲ್ಲ ಕಿಟಕಿ ಮುಚ್ಚಿದಾಗ ಕುಕಿ ತಾನೇ ಹೋಗುತ್ತದೆ. ಮರೆತು ಮನೆಗೆ ಬಂದಿದ್ದರೆ, ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಸಾಧನಗಳ ಪಟ್ಟಿ ಇದೆ. ಅಲ್ಲಿಂದಲೇ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಬಹುದು. ನಾನೂ ಬೈಕ್ ಹತ್ತುವ ಮೊದಲು ಇದನ್ನೇ ಮಾಡಬೇಕಿತ್ತು, ಗಾಬರಿಯಲ್ಲಿ ಹೊಳೆಯಲಿಲ್ಲ. ಹದಿನೈದು ವರ್ಷದ ಐಟಿ ಅನುಭವ!

ಇಷ್ಟೆಲ್ಲ ಮಾಡಿದರೂ ಇಳಿಸಿಕೊಂಡ ಫೈಲು ಅಲ್ಲೇ ಇರುತ್ತದೆ, ಇನ್‌ಕಾಗ್ನಿಟೋದಲ್ಲಿ ಇಳಿಸಿದ್ದೂ ಸಹ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು: ಇಂಟರ್ನೆಟ್ ಕೆಫೆಗಳಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂದು. ತಪ್ಪು ಅರ್ಥ ಬರಬಹುದೆಂದು ಎರಡೇ ದಿನಕ್ಕೆ ಕೇಂದ್ರ ಅದನ್ನು ಹಿಂಪಡೆಯಿತು. ನನಗೆ ಕೇಳಿದರೆ ಆ ಸಲಹೆ ಸರಿಯಾಗಿಯೇ ಇತ್ತು. ಇ-ಆಧಾರ್ ಫೈಲಿನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇನು ಬ್ರಹ್ಮವಿದ್ಯೆಯೇ? ಕೊನೆಯ 4 ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಅದೇ ಜಾಲತಾಣದಲ್ಲಿ ಸಿಗುತ್ತದೆ. ಅಷ್ಟು ಸಾಲುವ ಕಡೆ ಅದನ್ನೇ ಕೊಡಿ.

ಇನ್ನು 'ಶಾಶ್ವತ'ದ ಮಾತು. ಡಿಲೀಟ್ ಒತ್ತಿದರೆ ಫೈಲು ರೀಸೈಕಲ್ ಬಿನ್‌ಗೆ ಹೋಗುತ್ತದೆ, ಶಿಫ್ಟ್ ಜೊತೆ ಒತ್ತಿದರೆ ಅಲ್ಲಿಗೂ ಹೋಗದೆ ಅಳಿಯುತ್ತದೆ. ಆಗಲೂ ಹಳೆಯ ಹಾರ್ಡ್ ಡಿಸ್ಕಿನಲ್ಲಿ 'ಈ ಜಾಗ ಖಾಲಿ' ಎಂಬ ಗುರುತು ಬೀಳುತ್ತದೆಯೇ ಹೊರತು, ಮೇಲೆ ಬೇರೇನಾದರೂ ಬರೆಯುವ ತನಕ ಒಳಗಿನದು ಹಾಗೇ ಇರುತ್ತದೆ. ಅದಲ್ಲದೆ, ಸೈಬರ್ ಕೆಫೆಗಳ 2011ರ ನಿಯಮಗಳ ಪ್ರಕಾರ ಗಿರಾಕಿಗಳು ನೋಡಿದ ತಾಣಗಳ ದಾಖಲೆಯನ್ನು ಮಾಲೀಕರು ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ನೀವು ಟೋಕನ್ ಎಸೆದ ಮಾತ್ರಕ್ಕೆ ಸ್ಟ್ಯಾಂಡಿನವನ ಪುಸ್ತಕದಲ್ಲಿ ಬರೆದದ್ದು ಅಳಿಯುವುದಿಲ್ಲ.

ಆ ಸಂಜೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಪ್ಪನ ಫೈಲು ಹುಡುಕುವಾಗ ಕಂಡದ್ದು ನೂರಾರು ಪಿಡಿಎಫ್‌ಗಳು. ಯಾರದೋ ಆಧಾರ್, ಯಾರದೋ ಮಾರ್ಕ್ಸ್ ಕಾರ್ಡ್, ಯಾರದೋ ಪ್ಯಾನ್. ಕೌಂಟರಿನ ಹುಡುಗನಿಗೆ ತೋರಿಸಿ, ಇವನ್ನೆಲ್ಲ ದಿನಾ ಅಳಿಸಬಾರದೇ ಎಂದೆ.

ಅವನು ಬೇಸರ ಮಾಡಿಕೊಳ್ಳಲಿಲ್ಲ. ಅಳಿಸಿದರೆ ಮರುವಾರ ಬಂದು ಅದೇ ಫೈಲು ಕೇಳುತ್ತಾರೆ ಸಾರ್, ಎಂದ ತೆಲುಗಿನಲ್ಲಿ. ಅವರಲ್ಲಿ ಕಂಪ್ಯೂಟರ್ ಇಲ್ಲ, ಮೇಲ್ ಪಾಸ್‌ವರ್ಡ್ ನೆನಪಿರುವುದಿಲ್ಲ. ಇಲ್ಲಿದ್ದರೆ ಇದೆ ಎಂದು ಲೆಕ್ಕ.

ಏನು ಹೇಳಲೂ ತೋಚಲಿಲ್ಲ. ಅಪ್ಪನ ಫೈಲನ್ನು ಮಾತ್ರ ಶಿಫ್ಟ್ ಡಿಲೀಟ್ ಮಾಡಿ ಬಂದೆ.