ಅಳತೆ ಉಳಿಯಲಿ, ಪ್ಯಾಕೆಟ್ ಹೋಗಲಿ

ತೀರ್ಥಕ್ಷೇತ್ರಗಳ ನದಿ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಿ ಎಂದು ಪರಿಸರ ಸಚಿವ ಈಶ್ವರ ಖಂಡ್ರೆ 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದರು. ನೀರಿಗೆ ನೊರೆ ಸೇರುವುದನ್ನು ತಡೆಯಬೇಕು, ಸ್ನಾನ ಮಾಡಿದವರು ಘಟ್ಟದ ಮೇಲೇ ಬಿಟ್ಟುಹೋಗುವ ಪ್ಯಾಕೆಟ್‌ಗಳನ್ನೂ ತಡೆಯಬೇಕು. ಸೂಚನೆ ಸರಿಯಾದದ್ದೇ. ಆದರೆ 500 ಮೀಟರ್ ದಾಟಿದ ಮೇಲಿನ ಮೊದಲ ಕಿರಾಣಿ ಅಂಗಡಿಯಲ್ಲಿ ಅದೇ ಶಾಂಪೂ ಪ್ಯಾಕೆಟ್ ಮಾಲೆಮಾಲೆಯಾಗಿ ತೂಗುತ್ತಿರುತ್ತದೆ. ಮನೆಯ ಬಚ್ಚಲಲ್ಲಿ ಹರಿದೆಸೆದರೂ ಅದು ಚರಂಡಿ ಹಿಡಿದು ಹೊಳೆಗೆ ಹೋಗುವ ದಾರಿ ಇದ್ದೇ ಇದೆ. ಪ್ಯಾಕೆಟ್ ಎಲ್ಲಿ ಬೀಳುತ್ತದೆ ಎಂದು ಯೋಚಿಸುವಷ್ಟೇ ಗಮನವನ್ನು ಜನ ಅದನ್ನು ಯಾಕೆ ಕೊಳ್ಳುತ್ತಾರೆ ಎಂಬುದಕ್ಕೂ ಕೊಟ್ಟರೆ, ಕಸವನ್ನೂ ಖರ್ಚನ್ನೂ ಒಟ್ಟಿಗೆ ಇಳಿಸುವ ದಾರಿ ಕಾಣುತ್ತದೆ.

ಶಾಂಪೂ ಸ್ಯಾಶೆಯ ಚರಿತ್ರೆ ನಮ್ಮ ನೆರೆಯ ತಮಿಳುನಾಡಿನ ಕಡಲೂರಿನದು. ಬಾಟಲಿ ಕೊಳ್ಳಲಾಗದವರಿಗೂ ಶಾಂಪೂ ಸಿಗಬೇಕೆಂದು ಚಿನ್ನಿ ಕೃಷ್ಣನ್ ಅದನ್ನು ಪುಟ್ಟ ಪ್ಯಾಕೆಟ್‌ಗಳಿಗೆ ತುಂಬಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಬೇರೆಯಾಗಿ ಚಿಕ್ ಶಾಂಪೂ ಶುರು ಮಾಡಿ ಆ ಮಾರುಕಟ್ಟೆಯನ್ನು ಹಳ್ಳಿಹಳ್ಳಿಗೆ ಹಬ್ಬಿಸಿದರು. ದಿನಗೂಲಿಯ ಕೈಗೆ ಬರುವ ಹಣಕ್ಕೆ ಸರಿಹೊಂದುವ ಅಳತೆ ಅದು: ಇಂದಿನ ದುಡ್ಡಿಗೆ ಇಂದಿನ ಸ್ನಾನ. ‘ಪ್ಯಾಕೆಟ್ ಬಿಟ್ಟು ದೊಡ್ಡ ಬಾಟಲಿ ತನ್ನಿ, ದುಡ್ಡೂ ಉಳಿಯುತ್ತದೆ’ ಎಂಬ ಬುದ್ಧಿವಾದ ಬೇರೆ ದೇಶಗಳಲ್ಲಿ ನಿಜವಿರಬಹುದು. ನಮ್ಮಲ್ಲಿ ಎಷ್ಟೋ ಬ್ರಾಂಡ್‌ಗಳ ಲೆಕ್ಕ ತದ್ವಿರುದ್ಧ. ಒಂದು ರೂಪಾಯಿಯ ಪ್ಯಾಕೆಟ್‌ನಲ್ಲಿ ಐದಾರು ಮಿ.ಲೀ. ಶಾಂಪೂ ಇರುತ್ತದೆ, ಅದೇ ಶಾಂಪೂವನ್ನು ಬಾಟಲಿಯಲ್ಲಿ ಕೊಂಡರೆ ಮಿ.ಲೀ. ಲೆಕ್ಕದಲ್ಲಿ ದುಪ್ಪಟ್ಟಿಗೂ ಹೆಚ್ಚು ತೆರಬೇಕಾಗುತ್ತದೆ. ಮೇಲಾಗಿ ಬಾಟಲಿಯಿಂದ ಅಂಗೈಗೆ ಸುರಿದುಕೊಳ್ಳುವಾಗ ಕೈಗೆ ಹಿಡಿತವಿರುವುದಿಲ್ಲ. ಪ್ಯಾಕೆಟ್ ಕೊಳ್ಳುವ ಬಡವರು ಲೆಕ್ಕ ಬಾರದವರಲ್ಲ, ಲೆಕ್ಕ ಹಾಕಿಯೇ ಕೊಳ್ಳುತ್ತಿದ್ದಾರೆ. ಕಸದ ಮಾತು ಬಂದಾಗಲೆಲ್ಲ ಅವರನ್ನೇ ಬೊಟ್ಟು ಮಾಡಿ ತೋರಿಸುವುದು ಅನ್ಯಾಯ.

ತೊಂದರೆ ಇರುವುದು ಆ ಅಳತೆಯನ್ನು ಸುತ್ತಿದ ಹಾಳೆಯಲ್ಲಿ. ಒಂದು ಪ್ಯಾಕೆಟ್ ಕತ್ತರಿಸಿ ನೋಡಿ. ಹೊರಗೆ ಬಣ್ಣ ಅಚ್ಚಾದ ಪಾಲಿಯೆಸ್ಟರ್ ಪೊರೆ, ಗಾಳಿ ಬೆಳಕು ತಡೆಯಲು ಅಲ್ಯೂಮಿನಿಯಂ ಲೇಪ, ಒಳಗೆ ಬಿಸಿಗೆ ಅಂಟಿಕೊಳ್ಳುವ ಪಾಲಿಥೀನ್. ಈ ಪದರಗಳನ್ನು ಮತ್ತೆ ಬಿಡಿಸುವುದು ಕಷ್ಟ, ಬಿಡಿಸಿದರೂ ಅಸಲು ಹುಟ್ಟುವುದಿಲ್ಲ. ಹಲ್ಲಲ್ಲಿ ಕಚ್ಚಿ ಹರಿದಾಗ ಉದುರುವ ಉಗುರಗಲದ ಮೂಲೆಯಂತೂ ಯಾವ ಪೊರಕೆಗೂ ಸಿಗದೆ ಜಾಲರಿಯ ಕಿಂಡಿಯಲ್ಲಿ ಇಳಿದುಹೋಗುತ್ತದೆ. ಶಾಂಪೂ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದ ಬೆಲೆಯಿದೆ, ಆದ್ದರಿಂದ ಚಿಂದಿ ಆಯುವವರು ಅದನ್ನು ಬಿಡುವುದಿಲ್ಲ. ಪ್ಯಾಕೆಟ್‌ಗೆ ಬೆಲೆಯಿಲ್ಲ, ಹಾಗಾಗಿ ಅದಕ್ಕಾಗಿ ಯಾರೂ ಬಗ್ಗುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ ಎರಡು ಸಲ ತಲೆಸ್ನಾನವೆಂದರೂ ವರ್ಷಕ್ಕೆ 416 ಪ್ಯಾಕೆಟ್. ಅದನ್ನು ಗುಡಿಸಿ ಸಾಗಿಸುವ ಖರ್ಚು ಒಂದು ರೂಪಾಯಿಯ ಬೆಲೆಯೊಳಗೆ ಕಾಣುವುದಿಲ್ಲ. ಗ್ರಾಮ ಪಂಚಾಯಿತಿಯೋ ಪುರಸಭೆಯೋ ಜನರ ತೆರಿಗೆಯಿಂದ ಅದನ್ನು ಭರಿಸುತ್ತದೆ.

ಕಂಪನಿಗಳನ್ನು ಹೊಣೆ ಮಾಡಲು ಕಾನೂನು ಇದೆಯಲ್ಲ ಎನ್ನಬಹುದು. ಇದೆ. 2022ರ ಫೆಬ್ರುವರಿಯ ಉತ್ಪಾದಕರ ಹೊಣೆಗಾರಿಕೆ ಮಾರ್ಗಸೂಚಿ ಬಹುಪದರದ ಪ್ಲಾಸ್ಟಿಕ್‌ನಲ್ಲಿ 2024–25ಕ್ಕೆ ಶೇ 30ರಷ್ಟು, 2027–28ರ ಹೊತ್ತಿಗೆ ಶೇ 60ರಷ್ಟು ಮರುಬಳಕೆಗೆ ಹೋಗಬೇಕೆನ್ನುತ್ತದೆ. ಆಗದ್ದನ್ನು ಸಿಮೆಂಟ್ ಕುಲುಮೆಯಲ್ಲಿ ಸುಡಲು, ರಸ್ತೆಗೆ ಹಾಕಲು ಬಿಡುತ್ತದೆ. ಆದರೆ ತೊಳೆದು ಮತ್ತೆ ತುಂಬಬೇಕೆಂಬ ಕಡ್ಡಾಯ ಶುರುವಾಗುವುದೇ 900 ಮಿ.ಲೀ.ಗಿಂತ ಕಡಿಮೆಯಿಲ್ಲದ ಗಟ್ಟಿ ಡಬ್ಬಿಗಳಿಂದ. ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಅಷ್ಟು ದೊಡ್ಡ ಡಬ್ಬಿ ಇರುವುದೇ ಅಪರೂಪ. 2022ರ ಜುಲೈ 1ರಿಂದ ನಿಷೇಧವಾದ ಏಕಬಳಕೆ ವಸ್ತುಗಳಲ್ಲಿ ಕಿವಿಗೆ ಹಾಕುವ ಪ್ಲಾಸ್ಟಿಕ್ ಕಡ್ಡಿ ಸೇರಿತು, ಶಾಂಪೂ ಪ್ಯಾಕೆಟ್ ಸೇರಲಿಲ್ಲ. ಗುಟ್ಕಾ, ಪಾನ್ ಮಸಾಲಕ್ಕೆ ಪ್ಲಾಸ್ಟಿಕ್ ಸ್ಯಾಶೆ ಕೂಡದೆಂದು 2016ರ ನಿಯಮವೇ ಹೇಳಿರುವಾಗ, ಶಾಂಪೂವನ್ನು ಕೈಬಿಟ್ಟದ್ದಕ್ಕೆ ಕಾರಣ ಒಂದೇ ಇದ್ದೀತು: ಬಡವರಿಗೆ ಬೇರೆ ದಾರಿ ಏನೆಂದು ಯಾರೂ ಹೇಳಿರಲಿಲ್ಲ.

ಆ ದಾರಿ ನಮ್ಮ ಊರುಗಳಲ್ಲಿ ಬಳಕೆಯಲ್ಲೇ ಇದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಈಗಲೂ ಎಷ್ಟೋ ಮನೆಗಳವರು ಗಾಣಕ್ಕೆ ತಮ್ಮದೇ ಕ್ಯಾನ್ ಒಯ್ದು ಅಳೆಸಿಕೊಂಡು ಬರುತ್ತಾರೆ. ಎಣ್ಣೆಗೆ ಸಾಧ್ಯವಾದದ್ದು ಶಾಂಪೂವಿಗೆ, ಕೈತೊಳೆಯುವ ದ್ರಾವಣಕ್ಕೆ ಯಾಕಾಗಬಾರದು? ಅಂಗಡಿಯಲ್ಲಿ ನಲ್ಲಿಯಿರುವ ಮುಚ್ಚಿದ ಕ್ಯಾನ್ ಇರಲಿ, ಐದು ರೂಪಾಯಿಗೆ ಇಷ್ಟು, ಹತ್ತಕ್ಕೆ ಇಷ್ಟು ಎಂದು ಗಿರಾಕಿಯ ಬಾಟಲಿಗೇ ಬೀಳಲಿ. ಪ್ಯಾಕೆಟ್‌ನ ಹಾಳೆ, ಅಚ್ಚು, ಅಂಟಿಸುವಿಕೆ ಯಾವುದೂ ಬೇಡವಾದಾಗ ಅದೇ ಬೆಲೆಗೆ, ಇಲ್ಲವೇ ಕಡಿಮೆಗೆ ಮಾರಲು ಅಡ್ಡಿಯಿಲ್ಲ.

ಕಲಬೆರಕೆಯ ಭಯ ಸಣ್ಣದಲ್ಲ. ಚರ್ಮಕ್ಕೆ ತಾಗುವ ವಸ್ತುವನ್ನು ಅಂಗಡಿಯವರು ನೀರು ಬೆರೆಸಿ ಕೊಟ್ಟರೆ, ಒದ್ದೆ ಬಾಟಲಿಯಲ್ಲಿ ಸೂಕ್ಷ್ಮಾಣು ಬೆಳೆದರೆ ಯಾರು ಹೊಣೆ? ಹಾಗಾಗಿಯೇ ಕ್ಯಾನ್ ಕಾರ್ಖಾನೆಯಲ್ಲೇ ಮೊಹರಾಗಿ ಬರಬೇಕು, ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಕಾಣಬೇಕು, ತೊಳೆದು ಒಣಗಿಸಿದ ಬಾಟಲಿಗೆ ಮಾತ್ರ ತುಂಬಬೇಕು. ಕಾನೂನು ಇದಕ್ಕೆ ಪೂರ್ತಿ ಬಾಗಿಲು ಮುಚ್ಚಿಲ್ಲ: ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ‘ತಯಾರಿಕೆ’ಯ ವ್ಯಾಖ್ಯೆಯಿಂದ ಚಿಲ್ಲರೆ ವ್ಯಾಪಾರದ ಸಹಜ ಕ್ರಮದಲ್ಲಿ ಮಾಡುವ ಪ್ಯಾಕಿಂಗ್ ಹೊರಗಿದೆ. ಇಷ್ಟಕ್ಕೂ ಒಂದು ರೂಪಾಯಿಯ ಪ್ಯಾಕೆಟ್‌ನಲ್ಲೂ ನಕಲಿ ಬರುವುದಿಲ್ಲವೆಂದು ಯಾರೂ ಖಾತ್ರಿ ಕೊಡಲಾರರು.

ಇಷ್ಟೆಲ್ಲ ಯಾಕೆ, ಸೀಗೆಕಾಯಿಗೆ ಮರಳಿದರೆ ಸಾಲದೇ ಎನ್ನುವವರಿದ್ದಾರೆ. ಸೀಗೆ, ಅಂಟುವಾಳ ಒಳ್ಳೆಯವೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅವನ್ನು ಆಯ್ದು ಮಾರುವುದು ಜೀವನೋಪಾಯದ ಭಾಗವೂ ಹೌದು. ಬಿಡುವಿದ್ದವರು, ಇಷ್ಟಪಡುವವರು ಖಂಡಿತ ಬಳಸಲಿ. ಆದರೆ ನೆನೆಸಿ, ಕುದಿಸಿ, ಸೋಸಿ, ಆಮೇಲೆ ಕೂದಲಿನಿಂದ ಪುಡಿ ತೆಗೆಯುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಕೇಳಿಕೊಳ್ಳಬೇಕು. ಬೆಳಿಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಬಸ್ ಹಿಡಿಯುವ ಹೆಣ್ಣುಮಗಳ ಮೇಲೆ ಪರಿಸರದ ಹೆಸರಿನಲ್ಲಿ ಇನ್ನೊಂದು ಗಂಟೆಯ ಚಾಕರಿ ಹೇರಬಾರದು.

ಅನುಕೂಲಸ್ಥರ ಮನೆಯ ಕಸ ಬೇರೆ ಬಗೆಯದು. ಅಲ್ಲಿ ಕೊರತೆ ಅಳತೆಯದೇ. ಒಂದಕ್ಕೆ ಒಂದು ಉಚಿತವೆಂದು ತಂದ ಕ್ರೀಮು, ಅರ್ಧಕ್ಕೆ ಬಿಟ್ಟ ಲಿಪ್‌ಸ್ಟಿಕ್, ಪರಿಮಳ ಹಿಡಿಸದ ಲೋಷನ್ ಸಾಲಾಗಿ ನಿಂತಿರುತ್ತವೆ. ಎಷ್ಟೋ ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರವಿದ್ದು, ಅದರಲ್ಲಿ 6ಎಂ, 12ಎಂ ಎಂದಿರುತ್ತದೆ. ತೆರೆದ ಮೇಲೆ ಅಷ್ಟೇ ತಿಂಗಳು ಬಳಸಬಹುದೆಂದು ಅರ್ಥ. ತೆರೆದದ್ದು ಮುಗಿಯುವ ತನಕ ಹೊಸದು ಬೇಡವೆಂದರೆ ಅಷ್ಟೂ ಹಣ ಕೈಯಲ್ಲೇ ಇರುತ್ತದೆ. ಬಾಡಿ ವಾಶ್‌ನ ಬಹುಪಾಲು ನೀರು. ಮೈತೊಳೆಯುವ ಕೆಲಸವನ್ನು ಕಾಗದದಲ್ಲಿ ಸುತ್ತಿದ ಸೋಪು ಅದರ ಸಣ್ಣ ಪಾಲು ಖರ್ಚಿನಲ್ಲಿ ಮಾಡುತ್ತದೆ. ಶಾಂಪೂ ಬಾರ್‌ನ ಬೆಲೆ ಮಾತ್ರ ಸದ್ಯಕ್ಕೆ ಶ್ರೀಮಂತರಿಗಷ್ಟೇ ಎಟುಕುವಂತಿದೆ, ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಲಾರೆ.

2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಸೋಪು, ತಲೆಯೆಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಬಹುಪದರದ ಪ್ಯಾಕೆಟ್‌ಗೂ ಅದೇ ದರ. ಮರಳಿ ತುಂಬಿಕೊಡುವ ಮಾರಾಟಕ್ಕೆ ತೆರಿಗೆಯೇ ಇರದಂತೆ ಮಾಡಿದರೆ ಅಂಗಡಿಯವರಿಗೂ ಒಂದು ಆಸೆ ಹುಟ್ಟೀತು. ಆ 900 ಮಿ.ಲೀ. ಮಿತಿಯನ್ನೂ ಕೆಳಗಿಳಿಸಬೇಕು. ಇವು ದೆಹಲಿಯಲ್ಲಿ ಆಗಬೇಕಾದವು. ಬೆಂಗಳೂರಿನಲ್ಲೇ ಆಗಬಹುದಾದದ್ದೂ ಒಂದಿದೆ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯ ಪರಂಪರೆ ಹೊತ್ತ, ಮೈಸೂರ್ ಸ್ಯಾಂಡಲ್ ಸೋಪು ತಯಾರಿಸುವ ಸಂಸ್ಥೆ ರಾಜ್ಯ ಸರ್ಕಾರದ್ದೇ. ಸೋಪು, ಶಾಂಪೂ ಮಾರಬಾರದೆಂದು ಸೂಚನೆ ಹೋದ ತೀರ್ಥಕ್ಷೇತ್ರಗಳ ಪಟ್ಟಣಗಳಲ್ಲಿ, ಆ 500 ಮೀಟರ್ ಗೆರೆಯ ಆಚೆ, ಅಳೆದು ತುಂಬಿಕೊಡುವ ಮೊದಲ ಕ್ಯಾನ್‌ಗಳನ್ನು ಈ ಸಂಸ್ಥೆಯೇ ಇಡಲಿ. ಒಂದು ವರ್ಷ ನಡೆಸಿ ಎಷ್ಟು ಲೀಟರ್ ಹೋಯಿತು, ಎಷ್ಟು ದೂರು ಬಂತು ಎಂಬ ಲೆಕ್ಕವನ್ನು ಜನರ ಮುಂದಿಡಲಿ.